ಸೀಸನ್‌ನಲ್ಲಿ ಮನೆ ಕೊಳ್ಳುವವರಿಗೆ: ಮನೆ ನೋಡುವ ಮೊದಲೇ ಮುಗಿಸಬೇಕಾದ ಲೆಕ್ಕಗಳು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಒಂದು ಮನೆ ನೋಡಿ ಬಂದೆವು. ನನಗೂ ನನ್ನ ಹೆಂಡತಿಗೂ ತುಂಬಾ ಹಿಡಿಸಿತು. ಊಟ ಮಾಡಿ, ಕೂತು ಮಾತಾಡಿ, ಸಂಜೆ ಐದಕ್ಕೆ ಬ್ರೋಕರ್‌ಗೆ ಫೋನ್ ಮಾಡಿದರೆ ಮನೆ ಆಗಲೇ ಹೋಗಿಬಿಟ್ಟಿತ್ತು. ಎರಡು ತಿಂಗಳಲ್ಲಿ ಹೀಗೆ ಮೂರು ಮನೆ ಕೈತಪ್ಪಿದವು. ನಾಲ್ಕನೆಯ ಮನೆಗೆ ನಿಂತ ಜಾಗದಲ್ಲೇ ಹೂಂ ಅಂದೆವು. ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತೇವೆ ಅಂದೆವು. ಎಂಜಿನಿಯರ್ ಬಂದು ಮನೆ ನೋಡುವ ತಪಾಸಣೆಯೂ ಬೇಡ ಅಂದೆವು. ಪುಣ್ಯಕ್ಕೆ ಮಾರುವವರೇ ಹಿಂದೆ ಸರಿದರು. ಆ ಮನೆಯ ಮಲಗುವ ಕೋಣೆಯ ಗೋಡೆಯೊಳಗೆ ಪೈಪು ವರ್ಷಗಳಿಂದ ಸೋರುತ್ತಿತ್ತು ಅಂತ ಆಮೇಲೆ ಅದನ್ನು ಕೊಂಡವರಿಂದಲೇ ಗೊತ್ತಾಯಿತು.

ನಾವು ದಡ್ಡರೇನಲ್ಲ. ಆದರೂ ಹಾಗೆ ಮಾಡಿದೆವು. ಯಾಕೆ ಅಂತ ಬಹಳ ದಿನ ಯೋಚಿಸಿದ ಮೇಲೆ ಹೊಳೆದದ್ದು ಇಷ್ಟು: ವ್ಯಾಪಾರ ಜೋರಿರುವ ಕಾಲದಲ್ಲಿ ಕೊಳ್ಳುವವರಿಗೆ ದುಡ್ಡಿಗಿಂತ ಮೊದಲು ಯೋಚಿಸುವ ಸಮಯ ಕಡಿಮೆ ಬೀಳುತ್ತದೆ. ಬಾಗಿಲಲ್ಲಿ ಇನ್ನೂ ಹತ್ತು ಜನ ಕಾಯುತ್ತಿರುವಾಗ ಯಾರ ತಲೆಯೂ ಸರಿಯಾಗಿ ಓಡುವುದಿಲ್ಲ. ಆದ್ದರಿಂದ ಯೋಚಿಸುವ ಕೆಲಸವನ್ನು ಮನೆ ನೋಡುವ ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಕೆಳಗೆ ಬರೆದಿರುವುದೆಲ್ಲ ಆ ಕೆಲಸವೇ, ಮಾಡಬೇಕಾದ ಕ್ರಮದಲ್ಲಿ.

ನಿಮ್ಮ ಸೀಸನ್ ಯಾವುದು ಅಂತ ಮೊದಲು ತಿಳಿಯಿರಿ

ಮನೆ ಮಾರಾಟ ವರ್ಷವಿಡೀ ಒಂದೇ ಸಮ ನಡೆಯುವುದಿಲ್ಲ. ಚಳಿ ಜೋರಿರುವ ದೇಶಗಳಲ್ಲಿ ವಸಂತದಲ್ಲಿ ವ್ಯಾಪಾರ ಏಳುತ್ತದೆ, ಬೇಸಿಗೆಯವರೆಗೂ ಬಿರುಸಾಗಿರುತ್ತದೆ, ಚಳಿಗಾಲಕ್ಕೆ ತಣ್ಣಗಾಗುತ್ತದೆ. ಮಕ್ಕಳಿರುವ ಮನೆಯವರು ಎಲ್ಲಿದ್ದರೂ ಶಾಲೆಯ ವರ್ಷ ಮುಗಿಯಲಿ ಅಂತ ಕಾಯುತ್ತಾರೆ. ಎಲ್ಲರೂ ಅದೇ ಎರಡು ಮೂರು ತಿಂಗಳಲ್ಲಿ ಹೊರಡುತ್ತಾರೆ.

ಆದರೆ ಸೀಸನ್‌ನಲ್ಲಿ ಮಾರುವವರೂ ಜಾಸ್ತಿ ಇರುತ್ತಾರೆ ಅಲ್ವಾ? ಹಾಗಿದ್ದರೆ ಬೆಲೆ ಯಾಕೆ ಏರಬೇಕು? ಈ ಪ್ರಶ್ನೆಯನ್ನೇ ರೇಚಲ್ ನ್ಗಾಯ್ ಮತ್ತು ಸಿಲ್ವಾನಾ ಟೆನ್‌ರೇರೋ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೈಗೆತ್ತಿಕೊಂಡರು. ಬ್ರಿಟನ್ ಮತ್ತು ಅಮೆರಿಕದ ಅಂಕಿಅಂಶ ನೋಡಿ 2014ರಲ್ಲಿ ಅವರು ಕೊಟ್ಟ ಉತ್ತರ ಸರಳವಾಗಿದೆ. ಮಾರಾಟಕ್ಕೆ ಮನೆಗಳು ಜಾಸ್ತಿ ಇದ್ದಾಗ ಪ್ರತಿಯೊಬ್ಬರಿಗೂ ತಮಗೆ ಚೆನ್ನಾಗಿ ಹೊಂದುವ ಮನೆ ಸಿಗುವ ಸಾಧ್ಯತೆ ಜಾಸ್ತಿ. ಚೆನ್ನಾಗಿ ಹೊಂದುವ ಮನೆಗೆ ಜನ ಒಂದಿಷ್ಟು ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ಹಾಗಾಗಿ ಆ ಕಾಲದಲ್ಲಿ ಮಾರಾಟವೂ ಏರುತ್ತದೆ, ಬೆಲೆಯೂ ಏರುತ್ತದೆ.

ಇದರಿಂದ ನಿಮಗೆ ಒಂದು ತೀರ್ಮಾನ ಸುಲಭವಾಗುತ್ತದೆ. ಇಂಥದ್ದೇ ಬೀದಿ, ಇಷ್ಟೇ ಕೋಣೆ, ಶಾಲೆ ನಡೆದು ಹೋಗುವಷ್ಟು ಹತ್ತಿರ ಅಂತ ನಿಮ್ಮ ಬೇಡಿಕೆ ಬಿಗಿಯಾಗಿದ್ದರೆ ಸೀಸನ್‌ನಲ್ಲೇ ಹುಡುಕಬೇಕು, ಅದಕ್ಕೆ ಸ್ವಲ್ಪ ಹೆಚ್ಚು ತೆರಬೇಕಾಗುತ್ತದೆ. ಬೇಡಿಕೆ ಸಡಿಲವಾಗಿದ್ದರೆ, ಬೆಲೆಯೇ ಮುಖ್ಯವಾಗಿದ್ದರೆ, ಸೀಸನ್ ಮುಗಿದ ಮೇಲೆ ಹೋಗಿ. ಆಗ ಆಯ್ಕೆ ಕಡಿಮೆ, ಆದರೆ ಎದುರು ಕೂತವರು ಮಾತಿಗೆ ಸಿಗುತ್ತಾರೆ. ನೀವು ಹುಡುಕುವ ಜಾಗದಲ್ಲಿ ಕಳೆದ ಎರಡು ಮೂರು ವರ್ಷ ಯಾವ ತಿಂಗಳಲ್ಲಿ ಎಷ್ಟು ಮನೆ ಕೈ ಬದಲಾಯಿಸಿದವು ಅಂತ ಒಮ್ಮೆ ನೋಡಿ. ನೋಂದಣಿ ದಾಖಲೆ ಸಿಗದಿದ್ದರೆ ಜಾಹೀರಾತುಗಳನ್ನು ಎಣಿಸಿದರೂ ಸಾಕು.

ಹುಡುಕಾಟವನ್ನು ಮಾತ್ರ ಸೀಸನ್‌ಗೆ ಮೂರು ನಾಲ್ಕು ತಿಂಗಳು ಮೊದಲೇ ಶುರು ಮಾಡಿ. ಮೊದಲ ಹತ್ತು ಮನೆಗಳನ್ನು ಕಲಿಯಲಿಕ್ಕೆ ಅಂತಲೇ ನೋಡಿ.

ನಿಮ್ಮ ಸಂಖ್ಯೆಗಳನ್ನು ಕಾಗದದ ಮೇಲೆ ಬರೆಯಿರಿ

ಈ ಹೆಜ್ಜೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಒಂದು ಭಾನುವಾರ ಪೂರ್ತಿ ಹೋದರೂ ಪರವಾಗಿಲ್ಲ.

ಒಂದು ಲಕ್ಷ ಸಾಲಕ್ಕೆ ಲೆಕ್ಕ ಹಾಕೋಣ. ಯಾವ ದೇಶದ ಹಣವಾದರೂ ಲೆಕ್ಕ ಒಂದೇ. ವರ್ಷಕ್ಕೆ 8 ಪರ್ಸೆಂಟ್ ಬಡ್ಡಿ, 20 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 836. ಕೊನೆಗೆ ನೀವು ಕಟ್ಟಿರುವುದು ಎರಡು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಅವಧಿಯನ್ನು 30 ವರ್ಷಕ್ಕೆ ಎಳೆದರೆ ಕಂತು 734ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 2,64,000 ದಾಟುತ್ತದೆ. 15 ವರ್ಷಕ್ಕೆ ತಂದರೆ ಕಂತು 956, ಒಟ್ಟು 1,72,000 ಆಸುಪಾಸು. ಅಂದರೆ 30 ವರ್ಷದ ಸಾಲದಲ್ಲಿ ತಿಂಗಳಿಗೆ ಉಳಿಯುವ ನೂರಕ್ಕೆ, 20 ವರ್ಷದ ಸಾಲಕ್ಕೆ ಹೋಲಿಸಿದರೆ, ಅರವತ್ತು ಸಾವಿರಕ್ಕೂ ಹೆಚ್ಚು ಕೊಡುತ್ತೀರಿ. ಕಂತು ಕಡಿಮೆ ಅನ್ನುವ ಮಾತು ಕೇಳಿದಾಗೆಲ್ಲ ಈ ಅರವತ್ತು ಸಾವಿರ ನೆನಪಿರಲಿ.

ಇನ್ನೊಂದು ವಿಷಯ. ಆ 836ರ ಮೊದಲ ಕಂತಿನಲ್ಲಿ ಸುಮಾರು 667 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 170ರಷ್ಟು. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಲಕ್ಷದಲ್ಲಿ 87,500 ಬಾಕಿ ಇರುತ್ತದೆ. ಕೊಳ್ಳುವಾಗಲೂ ಮಾರುವಾಗಲೂ ನೋಂದಣಿ, ತೆರಿಗೆ, ಬ್ರೋಕರ್ ಕಮಿಷನ್ ಅಂತ ಖರ್ಚಿದೆ. ಹಾಗಾಗಿ ಮೂರು ನಾಲ್ಕು ವರ್ಷದಲ್ಲಿ ಊರು ಬಿಡುವ ಸಾಧ್ಯತೆ ಇದ್ದರೆ ಬಾಡಿಗೆಗಿರುವುದೇ ಲಾಭವಾಗಬಹುದು. ಬಾಡಿಗೆ ಕೊಡುವುದು ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಹೇಳುವವರು ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಬಡ್ಡಿ ದರ ಬದಲಾಗುವ ಸಾಲವಾದರೆ ಒಂದು ಪರೀಕ್ಷೆ ಮಾಡಿ. 8 ಪರ್ಸೆಂಟ್ ಇದ್ದದ್ದು 10ಕ್ಕೆ ಏರಿದರೆ 836ರ ಕಂತು 965 ಆಗುತ್ತದೆ. ಹದಿನೈದು ಪರ್ಸೆಂಟ್ ಜಾಸ್ತಿ. ಆ ಕಂತನ್ನೂ ಕಟ್ಟಿಕೊಂಡು ಸಂಸಾರ ನಡೆಯುತ್ತದೆ ಅಂತಾದರೆ ಮಾತ್ರ ಅಷ್ಟು ಸಾಲ ನಿಮ್ಮದು.

ಕಾಗದದ ಲೆಕ್ಕವನ್ನು ಬದುಕಿನಲ್ಲಿ ಪರೀಕ್ಷಿಸುವ ಒಂದು ದಾರಿಯೂ ಇದೆ. ಮುಂದೆ ಬರುವ ಕಂತು ಮತ್ತು ಈಗಿನ ಬಾಡಿಗೆ, ಇವೆರಡರ ವ್ಯತ್ಯಾಸವನ್ನು ಮೂರು ತಿಂಗಳು ಬೇರೆ ಖಾತೆಗೆ ಹಾಕಿ. ಸಂಬಳ ಬಂದ ದಿನವೇ ಹಾಕಿ, ಮುಟ್ಟಬೇಡಿ. ಮೂರನೇ ತಿಂಗಳ ಕೊನೆಗೆ ಮನೆಯಲ್ಲಿ ಹೇಗಿದೆ ಅಂತ ನೋಡಿ. ನಾವು ಇದನ್ನು ಮಾಡಿದಾಗ ಎರಡನೇ ತಿಂಗಳಿಗೇ ನಮ್ಮ ಮಿತಿಯನ್ನು ಇಳಿಸಬೇಕಾಯಿತು. ಆ ಖಾತೆಯಲ್ಲಿ ಸೇರಿದ ದುಡ್ಡು ಹೇಗೂ ನಿಮ್ಮದೇ.

ಇಷ್ಟಾದ ಮೇಲೆ ಮೂರು ಸಂಖ್ಯೆ ಬರೆದಿಡಿ. ಒಂದು, ತಿಂಗಳಿಗೆ ಕಟ್ಟಬಲ್ಲ ಹೆಚ್ಚೆಂದರೆ ಎಷ್ಟು. ಎರಡು, ಕೈಯಿಂದ ಹಾಕಬಲ್ಲ ದುಡ್ಡು. ಇದರಲ್ಲಿ ಆರು ತಿಂಗಳ ಮನೆಖರ್ಚು ಸೇರಬಾರದು, ಅದು ಕಷ್ಟಕಾಲಕ್ಕೆ ಹಾಗೇ ಇರಲಿ. ನೋಂದಣಿ, ತೆರಿಗೆ, ವಕೀಲರ ಫೀಸು, ಸಾಲದ ಶುಲ್ಕ, ವಿಮೆ, ಸಾಮಾನು ಸಾಗಣೆ, ಮೊದಲ ವರ್ಷದ ರಿಪೇರಿ, ಇವನ್ನೂ ಇದರಿಂದ ಕಳೆಯಬೇಕು. ಮೂರು, ಈ ಎರಡರಿಂದ ಬರುವ ಕೊನೆಯ ಬೆಲೆ. ಅದರ ಮೇಲೆ ಒಂದು ಪೈಸೆಯೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ. ನಾಟಕದ ಹಾಗೆ ಕಾಣಬಹುದು, ಆದರೆ ಬೆಲೆ ಏರುತ್ತಿರುವ ಸಂಜೆ ಆ ಸಹಿ ಕೆಲಸಕ್ಕೆ ಬರುತ್ತದೆ.

ಬ್ಯಾಂಕಿನ ಕೆಲಸ ಮೊದಲೇ ಮುಗಿಸಿ

ಬ್ಯಾಂಕಿನವರು ಫೋನಿನಲ್ಲಿ ನಿಮಗೆ ಇಷ್ಟು ಸಾಲ ಸಿಗಬಹುದು ಅನ್ನುವುದು ಬೇರೆ. ನಿಮ್ಮ ಸಂಬಳದ ಚೀಟಿ, ತೆರಿಗೆ ಕಾಗದ, ಹಳೆಯ ಸಾಲದ ವಿವರ ಎಲ್ಲ ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವುದು ಬೇರೆ. ನಿಮಗೆ ಎರಡನೆಯದು ಬೇಕು. ಮಾರುವವರು ಅದನ್ನೇ ಗಂಭೀರವಾಗಿ ತೆಗೆದುಕೊಳ್ಳುವುದು. ಒಪ್ಪಿಗೆಗೆ ಅವಧಿ ಇರುತ್ತದೆ, ಆ ತಾರೀಖು ನೋಡಿಕೊಳ್ಳಿ. ಎರಡು ಮೂರು ಕಡೆ ವಿಚಾರಿಸಿ. ದರದಲ್ಲಿ ಅರ್ಧ ಪರ್ಸೆಂಟ್ ವ್ಯತ್ಯಾಸ ಇಪ್ಪತ್ತು ವರ್ಷದಲ್ಲಿ ದೊಡ್ಡದಾಗುತ್ತದೆ.

ಬ್ಯಾಂಕ್ ಕೊಡಲು ಒಪ್ಪಿದ ಮೊತ್ತ ನಿಮ್ಮ ಮಿತಿ ಆಗಬಾರದು. ಅವರು ನೋಡುವುದು ನೀವು ಕಂತು ತಪ್ಪಿಸುತ್ತೀರೋ ಇಲ್ಲವೋ ಅಂತ. ನಿಮ್ಮ ಅಪ್ಪ ಅಮ್ಮನ ಔಷಧಿ ಖರ್ಚು, ಮಗಳ ಓದು ಅವರ ಲೆಕ್ಕದಲ್ಲಿ ಪೂರ್ತಿ ಬರುವುದಿಲ್ಲ.

ಸೀಸನ್‌ನಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಬ್ಯಾಂಕ್ ಸಾಲ ಕೊಡುವುದು ತಾನು ಕಟ್ಟಿದ ಬೆಲೆಯ ಮೇಲೆ, ನೀವು ಒಪ್ಪಿದ ಬೆಲೆಯ ಮೇಲಲ್ಲ. ಉದಾಹರಣೆಗೆ ನೀವು 100ಕ್ಕೆ ಒಪ್ಪಿದ್ದೀರಿ. ಬ್ಯಾಂಕ್ 80 ಪರ್ಸೆಂಟ್ ಸಾಲ ಕೊಡುತ್ತದೆ, ನಿಮ್ಮ ಕೈಯಿಂದ 20 ಅಂತ ಲೆಕ್ಕ ಹಾಕಿದ್ದೀರಿ. ಬ್ಯಾಂಕಿನ ವ್ಯಾಲ್ಯುಯೇಷನ್ ಮಾಡುವವರು ಬಂದು ಈ ಮನೆ 92ಕ್ಕಷ್ಟೇ ಬಾಳುತ್ತದೆ ಅಂದರೆ ಸಾಲ 73.6ಕ್ಕೆ ಇಳಿಯಿತು. ಈಗ ನೀವು 26.4 ತರಬೇಕು. ಜನರ ಪೈಪೋಟಿಯಲ್ಲಿ ಬೆಲೆ ಏರಿದಾಗ ಈ ಅಂತರ ಬರುವುದು ಸಾಮಾನ್ಯ. ಅದನ್ನು ತುಂಬಲು ನಿಮ್ಮಲ್ಲಿ ದುಡ್ಡು ಇದೆಯೇ ಅಂತ ರೇಟು ಹೇಳುವ ಮೊದಲೇ ಗೊತ್ತಿರಬೇಕು.

ಒಪ್ಪಿಗೆ ಸಿಕ್ಕಿದ ದಿನದಿಂದ ಮನೆ ನಿಮ್ಮ ಹೆಸರಿಗೆ ಆಗುವವರೆಗೆ ಹೊಸ ಕಾರು, ಹೊಸ ಸಾಲ, ಕಂತಿನಲ್ಲಿ ಟಿವಿ, ಏನೂ ಬೇಡ. ಕೊನೆ ಗಳಿಗೆಯಲ್ಲಿ ಬ್ಯಾಂಕ್ ಮತ್ತೊಮ್ಮೆ ಪರಿಶೀಲಿಸಬಹುದು.

ಬೇಕು ಬೇಡಗಳ ಪಟ್ಟಿ

ಚಿಕ್ಕದಿರಲಿ. ಬದಲಾಯಿಸಲು ಆಗದ್ದನ್ನು ಒಂದು ಕಡೆ ಬರೆಯಿರಿ: ಜಾಗ, ಬೆಳಕು, ರಸ್ತೆಯ ಸದ್ದು, ಮಳೆನೀರು ಹರಿಯುವ ದಿಕ್ಕು, ಕೆಲಸಕ್ಕೆ ಹೋಗಿ ಬರುವ ಸಮಯ. ಬಣ್ಣ, ಟೈಲ್ಸ್, ಅಡುಗೆಮನೆಯ ಕಪಾಟು ಇನ್ನೊಂದು ಕಡೆ. ಎರಡನೆಯ ಪಟ್ಟಿಯಲ್ಲಿರುವ ಯಾವುದಕ್ಕೂ ಮನೆ ಬಿಡಬೇಡಿ, ಯಾವುದಕ್ಕೂ ಮನೆ ಹಿಡಿಯಲೂ ಬೇಡಿ. ಚಂದದ ಸೋಫಾ ಹಾಕಿ ದೀಪ ಹಚ್ಚಿಟ್ಟ ಮನೆಗೆ ಮನಸ್ಸು ಸೋಲುವುದು ಸಹಜ. ಆ ಸೋಫಾ ಅವರ ಜೊತೆಗೇ ಹೋಗುತ್ತದೆ.

ಬೆಲೆಯನ್ನು ನೀವೇ ಕಟ್ಟಿ

ಕೇಳುವ ಬೆಲೆ ನಮ್ಮ ತಲೆಯಲ್ಲಿ ಹೇಗೆ ಕೂರುತ್ತದೆ ಅಂತ ತೋರಿಸಿದ ಒಂದು ಪ್ರಯೋಗ ನನಗೆ ತುಂಬಾ ಮುಖ್ಯ ಅನ್ನಿಸಿದೆ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಸಂಶೋಧಕರು ಅಮೆರಿಕದ ಟ್ಯೂಸಾನ್‌ನಲ್ಲಿ ವಿದ್ಯಾರ್ಥಿಗಳನ್ನೂ ಅನುಭವಿ ಬ್ರೋಕರ್‌ಗಳನ್ನೂ ಒಂದೇ ಮನೆಗೆ ಕಳಿಸಿದರು. ಮನೆ ಒಂದೇ, ಮಾಹಿತಿ ಒಂದೇ, ಮಾರುವವರು ಕೇಳುವ ಬೆಲೆ ಮಾತ್ರ ಒಬ್ಬೊಬ್ಬರ ಕಾಗದದಲ್ಲಿ ಬೇರೆ ಬೇರೆ. ದೊಡ್ಡ ಬೆಲೆ ನೋಡಿದವರು ಮನೆಗೆ ದೊಡ್ಡ ಬೆಲೆ ಕಟ್ಟಿದರು, ಸಣ್ಣದು ನೋಡಿದವರು ಸಣ್ಣದು ಕಟ್ಟಿದರು. ಬ್ರೋಕರ್‌ಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಆ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡೆವು ಅಂತ ಅವರಲ್ಲಿ ಹೆಚ್ಚಿನವರು ಒಪ್ಪಲೂ ಇಲ್ಲ.

ದಿನವೂ ಮನೆ ಮಾರುವವರಿಗೇ ಹೀಗಾದರೆ ನಮ್ಮ ಪಾಡೇನು? ಅದಕ್ಕೇ ಆ ಸಂಖ್ಯೆ ತಲೆಗೆ ಹೋಗುವ ಮೊದಲು ನಿಮ್ಮದೇ ಒಂದು ಸಂಖ್ಯೆ ಇರಬೇಕು. ಅದೇ ಸುತ್ತಮುತ್ತ ಕಳೆದ ಮೂರರಿಂದ ಆರು ತಿಂಗಳಲ್ಲಿ ನಿಜವಾಗಿ ಮಾರಾಟವಾದ ಐದಾರು ಮನೆ ಹುಡುಕಿ. ಜಾಹೀರಾತಿನ ಬೆಲೆ ಬೇಡ, ಕೈ ಬದಲಾದ ಬೆಲೆ ಬೇಕು. ಚದರಡಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಮನೆಯ ವಯಸ್ಸು, ಮಹಡಿ, ಪಾರ್ಕಿಂಗ್, ರಿಪೇರಿ ಸ್ಥಿತಿ ನೋಡಿ ಕೂಡಿಸಿ ಕಳೆಯಿರಿ. ಕಳೆದ ಚಳಿಗಾಲದ ಬೆಲೆಯನ್ನು ಈ ಬೇಸಿಗೆಗೆ ಹೋಲಿಸುವಾಗ ಸೀಸನ್ ವ್ಯತ್ಯಾಸ ಮರೆಯಬೇಡಿ. ಹತ್ತು ಮನೆಗೆ ಹೀಗೆ ಮಾಡಿದರೆ ಹನ್ನೊಂದನೆಯದಕ್ಕೆ ಬೆಲೆ ಎಷ್ಟಿರಬಹುದು ಅಂತ ನೀವೇ ಹೇಳುತ್ತೀರಿ.

ಇನ್ನೊಂದು ತಂತ್ರ ಗೊತ್ತಿರಲಿ. ಕೆಲವರು ಬೇಕಂತಲೇ ಕಡಿಮೆ ಬೆಲೆ ಹಾಕುತ್ತಾರೆ. ಜನ ಮುಗಿಬೀಳುತ್ತಾರೆ, ಪೈಪೋಟಿ ಹುಟ್ಟುತ್ತದೆ, ಬೆಲೆ ತಾನಾಗಿ ಮೇಲೆ ಹೋಗುತ್ತದೆ. ಅಂಥ ಮನೆಯಲ್ಲಿ ಕೇಳಿದ ಬೆಲೆಗಿಂತ ಎಷ್ಟು ಜಾಸ್ತಿ ಕೊಟ್ಟೆ ಅನ್ನುವ ಲೆಕ್ಕಕ್ಕೆ ಅರ್ಥವಿಲ್ಲ. ನೀವು ಕಟ್ಟಿದ ಬೆಲೆಗಿಂತ ಎಷ್ಟು ಜಾಸ್ತಿ ಅಂತ ನೋಡಿ.

ಬ್ರೋಕರ್ ಬಗ್ಗೆಯೂ ಒಂದು ಮಾತು. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ನೋಡಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬ್ರೋಕರ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಅಂಥದ್ದೇ ಬೇರೆ ಮನೆಗಳಿಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, 3.7 ಪರ್ಸೆಂಟ್‌ನಷ್ಟು ಹೆಚ್ಚು ಬೆಲೆ ಪಡೆದಿದ್ದರು. ಬೇರೆಯವರ ಮನೆ ಮಾರುವಾಗ ಅಷ್ಟು ಕಾದರೆ ಅವರಿಗೆ ಬರುವ ಕಮಿಷನ್ ಅಲ್ಪ, ಆದ್ದರಿಂದ ಬೇಗ ಮುಗಿಸುವುದೇ ಅವರಿಗೆ ಲಾಭ. ಇದರಲ್ಲಿ ಕೆಟ್ಟತನವೇನಿಲ್ಲ, ಅವರ ಆದಾಯ ಇರುವುದೇ ಹಾಗೆ. ನಿಮ್ಮ ಪರವಾಗಿ ಕೆಲಸ ಮಾಡುವ ಬ್ರೋಕರ್ ಕೂಡ ವ್ಯವಹಾರ ಮುಗಿಯಲಿ ಅಂತಲೇ ಬಯಸುತ್ತಾರೆ. ಒಳ್ಳೆಯವರು ಸಿಕ್ಕರೆ ಆ ಜಾಗದ ಬಗ್ಗೆ ಅವರಿಗಿರುವ ತಿಳಿವಳಿಕೆ ಬಹಳ ದೊಡ್ಡದು, ಅದನ್ನು ಕೇಳಿ ಪಡೆಯಿರಿ. ಆದರೆ ನಿಮ್ಮ ಕೊನೆಯ ಬೆಲೆಯನ್ನು ಅವರಿಗೂ ಹೇಳಬೇಡಿ.

ಮನೆ ನೋಡುವಾಗ

ಮೊದಲ ಭೇಟಿಗೆ ಇಪ್ಪತ್ತು ನಿಮಿಷ ಸಿಕ್ಕರೆ ಅದೇ ದೊಡ್ಡದು. ಆ ಇಪ್ಪತ್ತು ನಿಮಿಷದಲ್ಲಿ ಒಬ್ಬರು ಮಾರುವವರ ಜೊತೆ ಮಾತಾಡಲಿ, ಇನ್ನೊಬ್ಬರು ಸುಮ್ನೆ ಗೋಡೆ ನೋಡುತ್ತಾ ಹೋಗಲಿ.

ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ಇಳಿಯುತ್ತದೆಯೇ ನೋಡಿ. ಸಿಂಕಿನ ಕೆಳಗೆ ಕೈ ಹಾಕಿ, ತೇವ ಇದ್ದರೆ ಕೈಗೆ ಗೊತ್ತಾಗುತ್ತದೆ. ಕಪಾಟಿನ ಹಿಂಬದಿ ಮೂಸಿ ನೋಡಿ. ಬೂಷ್ಟಿನ ವಾಸನೆಯನ್ನು ಬಣ್ಣ ಮುಚ್ಚುವುದಿಲ್ಲ. ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಕಿಟಕಿ ಬಾಗಿಲು ಎಲ್ಲ ಒಮ್ಮೆ ತೆಗೆದು ಮುಚ್ಚಿ ನೋಡಿ. ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು ಕೆಲವೊಮ್ಮೆ ಪಾಯ ಕುಸಿದಿರುವ ಸುಳಿವು. ನೆಲದ ಮೇಲೆ ಒಂದು ಗೋಲಿ ಇಟ್ಟರೆ ಅದು ಎತ್ತ ಓಡುತ್ತದೆ ಅಂತಲೂ ನೋಡಬಹುದು.

ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಮಾಡಿದ ವರ್ಗೀಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1 ಮಿಲಿಮೀಟರ್‌ವರೆಗಿನ ಬಿರುಕು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5 ಮಿಲಿಮೀಟರ್‌ವರೆಗೆ ಸುಲಭವಾಗಿ ತುಂಬಬಹುದು. ಅದಕ್ಕಿಂತ ಅಗಲವಾದರೆ ಗೋಡೆಯನ್ನೇ ಒಡೆದು ಸರಿಮಾಡುವ ಕೆಲಸ ಬೀಳಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೋಗುವ ಬಿರುಕು, ಒಂದು ತುದಿ ಸಣ್ಣ ಇನ್ನೊಂದು ತುದಿ ಅಗಲ ಇರುವ ಬಿರುಕು, ಇವನ್ನು ಎಂಜಿನಿಯರ್‌ಗೆ ತೋರಿಸಲೇಬೇಕು.

ಮನೆ ಹಿಡಿಸಿದರೆ ಅದೇ ದಿನ ರಾತ್ರಿ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ. ಮಾರನೇ ದಿನ ಕೆಲಸಕ್ಕೆ ಹೋಗುವ ಹೊತ್ತಿಗೆ ಇನ್ನೊಮ್ಮೆ ಹೋಗಿ. ಮಳೆ ಬಂದರೆ ನಿಮ್ಮ ಅದೃಷ್ಟ, ತಪ್ಪದೆ ಹೋಗಿ ನೋಡಿ. ಪಕ್ಕದ ಮನೆಯವರನ್ನು ಮಾತಾಡಿಸಿ. ನೀರು, ಸದ್ದು, ಕಳ್ಳತನ, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ, ಎಲ್ಲ ಅವರಿಗೆ ಗೊತ್ತು. ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ.

ರೇಟು ಹೇಳುವಾಗ

1971ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಎಂಜಿನಿಯರ್‌ಗಳು, ಕೇಪನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್, ಒಂದು ವಿಚಿತ್ರ ಗಮನಿಸಿ ಬರೆದರು. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ತೆಗೆಯುವ ಜಾಗಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಬರುತ್ತಿರಲಿಲ್ಲ. ಕಾರಣ ಹೀಗಿತ್ತು: ನೆಲದಡಿ ಎಷ್ಟು ತೈಲ ಇದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಎಲ್ಲರೂ ಅಂದಾಜು ಮಾಡುತ್ತಾರೆ. ಹರಾಜು ಗೆಲ್ಲುವುದು ಎಲ್ಲರಿಗಿಂತ ದೊಡ್ಡ ಅಂದಾಜು ಮಾಡಿದವರು. ಅಂದರೆ ಹೆಚ್ಚಿನ ಸಲ ಎಲ್ಲರಿಗಿಂತ ಜಾಸ್ತಿ ತಪ್ಪಿದವರು.

ಮನೆಯ ವಿಷಯದಲ್ಲೂ ಇದು ನಡೆಯುತ್ತದೆ. ಹದಿನೈದು ಜನ ರೇಟು ಹೇಳಿದ ಮನೆಯನ್ನು ನೀವು ಗೆದ್ದಿರಿ ಅಂದರೆ, ಉಳಿದ ಹದಿನಾಲ್ಕು ಜನಕ್ಕೆ ಅದು ಅಷ್ಟು ಬಾಳುವುದಿಲ್ಲ ಅನ್ನಿಸಿತು ಅಂತ ಅರ್ಥ. ಸ್ಪರ್ಧಿಗಳು ಜಾಸ್ತಿಯಾದಷ್ಟೂ ನಾವು ಹೇಳುವ ರೇಟು ಮೇಲೇರುತ್ತದೆ. ಜಾಸ್ತಿಯಾದಷ್ಟೂ ಹಿಡಿತ ಬಿಗಿಯಾಗಬೇಕು ಅನ್ನುವುದು ಆ ಎಂಜಿನಿಯರ್‌ಗಳ ಸಲಹೆಯಾಗಿತ್ತು. ನೀವು ಅಲ್ಲಿ ಇಪ್ಪತ್ತು ವರ್ಷ ಬದುಕುವವರಾದರೆ ನಿಮಗೆ ಆ ಮನೆ ಬೇರೆಯವರಿಗಿಂತ ಹೆಚ್ಚು ಬಾಳಬಹುದು, ಆ ಮಾತೂ ನಿಜ. ಆ ಹೆಚ್ಚಿನ ಬೆಲೆ ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆದಿರಬೇಕು, ಅಷ್ಟೇ.

ದುಡ್ಡು ಬಿಟ್ಟು ಮಾರುವವರಿಗೆ ಬೇರೇನು ಬೇಕು ಅಂತ ಕೇಳಿ. ಇದನ್ನು ಕೇಳುವವರು ಕಡಿಮೆ. ಕೆಲವರಿಗೆ ಬೇಗ ಮುಗಿಯಬೇಕು. ಕೆಲವರಿಗೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಅದೇ ಮನೆಯಲ್ಲಿರಬೇಕು. ಮಾರಿದ ಮೇಲೆ ಒಂದೆರಡು ತಿಂಗಳು ಅವರು ಬಾಡಿಗೆಗೆ ಅಲ್ಲೇ ಇರಲಿ ಅಂತ ನೀವು ಒಪ್ಪಿದರೆ, ನಿಮಗಿಂತ ಸ್ವಲ್ಪ ಜಾಸ್ತಿ ಕೊಡುವವರನ್ನೂ ಅವರು ಬಿಡಬಹುದು. ನಾವು ಕೊನೆಗೆ ಕೊಂಡ ಮನೆ ನಮಗೆ ಸಿಕ್ಕಿದ್ದು ಹಾಗೆಯೇ. ಆ ಮನೆಯ ಹಿರಿಯರಿಗೆ ಮಗನ ಊರಿಗೆ ಹೋಗಲು ಇನ್ನೂ ಏಳು ವಾರ ಬೇಕಿತ್ತು. ನಾವು ಕಾಯುತ್ತೇವೆ ಅಂದೆವು.

ಬ್ಯಾಂಕಿನ ಒಪ್ಪಿಗೆ ಪತ್ರವನ್ನು ರೇಟಿನ ಜೊತೆಗೇ ಕೊಡಿ. ಎಲ್ಲವನ್ನೂ ಬರವಣಿಗೆಯಲ್ಲಿ ಹೇಳಿ. ಸಂಜೆಯೊಳಗೆ ಉತ್ತರ ಕೊಡಿ, ಇನ್ನೊಬ್ಬರು ಬರುತ್ತಿದ್ದಾರೆ ಅಂತ ಯಾರಾದರೂ ಒತ್ತಿದರೆ ಕಾಗದ ತೆಗೆದು ನೋಡಿ. ಸಂಖ್ಯೆ ಅದರೊಳಗಿದ್ದರೆ ಹೂಂ ಅನ್ನಿ, ಮೀರಿದ್ದರೆ ಬೇಡ ಅನ್ನಿ. ಮನೆ ನೋಡುವ ಮೊದಲೇ ಲೆಕ್ಕ ಮುಗಿಸಿದವರಿಗೆ ಸಂಜೆವರೆಗೂ ಬೇಕಿಲ್ಲ.

ಏನೇ ಆದರೂ ಬಿಟ್ಟುಕೊಡಬಾರದ್ದು

ಪೈಪೋಟಿ ಇದ್ದಾಗ ಜನ ಮೊದಲು ಬಿಡುವುದು ತಪಾಸಣೆಯನ್ನು. ದಯವಿಟ್ಟು ಬಿಡಬೇಡಿ. ತಪಾಸಣೆಯ ಖರ್ಚು ಮನೆಯ ಬೆಲೆಯ ಮುಂದೆ ಏನೂ ಅಲ್ಲ. ಮಾರುವವರಿಗೆ ತೊಂದರೆಯಾಗುವುದು ತಪಾಸಣೆಯಿಂದಲ್ಲ, ಅದಕ್ಕೆ ಹಿಡಿಯುವ ಸಮಯದಿಂದ. ಆ ಸಮಯವನ್ನು ಕಡಿಮೆ ಮಾಡಿ. ಎರಡನೇ ಭೇಟಿಗೇ ಎಂಜಿನಿಯರ್‌ರನ್ನು ಕರೆದುಕೊಂಡು ಹೋಗಿ. ಹದಿನೈದು ದಿನ ಕೇಳುವ ಬದಲು ನಾಲ್ಕು ದಿನ ಕೇಳಿ. ಸಣ್ಣಪುಟ್ಟ ರಿಪೇರಿಗೆ ಬೆಲೆ ಇಳಿಸಿ ಅನ್ನುವುದಿಲ್ಲ, ಪಾಯ, ಚಾವಣಿ, ನೀರು, ವಿದ್ಯುತ್ತಿನಲ್ಲಿ ದೊಡ್ಡ ದೋಷ ಇದ್ದರೆ ಮಾತ್ರ ಹಿಂದೆ ಸರಿಯುತ್ತೇವೆ ಅಂತ ಮೊದಲೇ ಹೇಳಿ. ಇದಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ಇದಕ್ಕೂ ಒಪ್ಪದವರ ಮನೆಯಲ್ಲಿ ಏನೋ ಇದೆ ಅಂತಲೇ ನಾನು ತಿಳಿಯುತ್ತೇನೆ.

ಎರಡನೆಯದು ಕಾಗದಪತ್ರ. ಮಾರುವವರಿಗೆ ಮಾರುವ ಹಕ್ಕು ಪೂರ್ತಿ ಇದೆಯೇ? ಮನೆ ಕೈಯಿಂದ ಕೈಗೆ ಬಂದ ಸರಪಳಿ ಎಲ್ಲೂ ತುಂಡಾಗಿಲ್ಲ ತಾನೇ? ಮನೆಯ ಮೇಲೆ ಸಾಲ, ಅಡಮಾನ, ಕೋರ್ಟು ಕೇಸು, ತೆರಿಗೆ ಬಾಕಿ ಇದೆಯೇ? ಪಿತ್ರಾರ್ಜಿತವಾದರೆ ಪಾಲುದಾರರೆಲ್ಲ ಸಹಿ ಹಾಕುತ್ತಾರೆಯೇ? ಮಂಜೂರಾದ ನಕ್ಷೆಯಲ್ಲಿ ಇಲ್ಲದ ಕೋಣೆ ನೆಲದ ಮೇಲೆ ಎದ್ದಿದೆಯೇ? ಇದನ್ನು ನೋಡುವುದು ನಿಮ್ಮದೇ ವಕೀಲರ ಕೆಲಸ. ಮಾರುವವರು ತೋರಿಸಿದ ವಕೀಲರು ಬೇಡ. ನಿಮ್ಮ ವಕೀಲರನ್ನು ಸೀಸನ್‌ಗೆ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ, ಆ ತಿಂಗಳಲ್ಲಿ ಅವರಿಗೂ ಪುರುಸೊತ್ತು ಇರುವುದಿಲ್ಲ.

ಮೂರನೆಯದು ಅಡ್ವಾನ್ಸ್. ಬಾಯಿಮಾತಿನ ಮೇಲೆ ಕೊಡಬೇಡಿ, ನಗದಾಗಿ ಕೊಡಬೇಡಿ. ಸಾಲ ಸಿಗದಿದ್ದರೆ, ಕಾಗದದಲ್ಲಿ ದೋಷ ಕಂಡರೆ, ತಪಾಸಣೆಯಲ್ಲಿ ದೊಡ್ಡ ತೊಂದರೆ ಬಂದರೆ ಇಷ್ಟು ದಿನದಲ್ಲಿ ವಾಪಸು ಅಂತ ಕರಾರಿನಲ್ಲಿ ಬರೆದಿರಲಿ.

ಮನೆ ಕೈತಪ್ಪಿದ ಮೇಲೆ

ಬೇಜಾರಾಗುತ್ತದೆ. ಆ ಮನೆಯಲ್ಲಿ ಯಾವ ಕೋಣೆ ಯಾರಿಗೆ ಅಂತ ಮನಸ್ಸಿನಲ್ಲೇ ಹಂಚಿ ಆಗಿರುತ್ತದೆ. ಆ ಬೇಜಾರಿನಲ್ಲಿ ಮುಂದಿನ ಮನೆಗೆ ರೇಟು ಹೇಳಬೇಡಿ, ಎರಡು ದಿನ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಈ ಎರಡು ದಿನಕ್ಕೇ ಹೇಳಿದ ಹಾಗಿದೆ. ನಾವು ನಾಲ್ಕನೇ ಮನೆಯಲ್ಲಿ ಮಾಡಿದ್ದೆಲ್ಲ ಮೂರನೆಯದು ಹೋದ ಮರುದಿನ ಮಾಡಿದ್ದು.

ಅದು ಎಷ್ಟಕ್ಕೆ ಹೋಯಿತು ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆ ಬೇಕು. ಆ ವ್ಯವಹಾರ ಮುರಿದರೆ ನಮಗೆ ಹೇಳಿ ಅಂತ ಹೇಳಿಟ್ಟು ಬನ್ನಿ. ಸಾಲ ಸಿಗದೆ, ಕಾಗದ ಸರಿಯಾಗದೆ ಮುರಿಯುವ ವ್ಯವಹಾರಗಳು ಇದ್ದೇ ಇರುತ್ತವೆ. ಆಗ ಎರಡನೆಯವರಿಗೆ ಫೋನ್ ಬರುತ್ತದೆ.

ಸೀಸನ್ ಮುಗಿದ ಮೇಲೂ ಉಳಿದಿರುವ ಮನೆಗಳನ್ನು ಬೇರೆ ಕಣ್ಣಿನಿಂದ ನೋಡಿ. ಕೆಲವದರಲ್ಲಿ ನಿಜವಾದ ದೋಷ ಇರುತ್ತದೆ. ಇನ್ನು ಕೆಲವು ಬರೀ ಬೆಲೆಯಿಂದ ನಿಂತಿರುತ್ತವೆ. ಡೇವಿಡ್ ಜೆನಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಬಾಸ್ಟನ್ ನಗರದ 1990ರ ದಶಕದ ಅಪಾರ್ಟ್‌ಮೆಂಟ್ ಮಾರಾಟಗಳನ್ನು ನೋಡಿ 2001ರಲ್ಲಿ ಬರೆದ ಅಧ್ಯಯನದಲ್ಲಿ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಮಾರುಕಟ್ಟೆಗಿಂತ ಎತ್ತರದ ಬೆಲೆ ಹಿಡಿದು ಹೆಚ್ಚು ದಿನ ಕಾಯುತ್ತಾರೆ ಅಂತ ಕಂಡುಬಂತು. ನಷ್ಟ ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಮಾರುವವರು ಯಾವಾಗ, ಎಷ್ಟಕ್ಕೆ ಕೊಂಡಿದ್ದರು ಅಂತ ತಿಳಿದುಕೊಳ್ಳಿ. ಹತ್ತು ವರ್ಷದ ಹಿಂದೆ ಕೊಂಡವರು ಸಾಮಾನ್ಯವಾಗಿ ಬೆಲೆ ಇಳಿಸಿದರೂ ಲಾಭದಲ್ಲೇ ಇರುತ್ತಾರೆ, ಮಾತಿಗೆ ಬಗ್ಗುತ್ತಾರೆ. ಹಿಂದೆ ಬೆಲೆ ತುಂಬಾ ಏರಿದ್ದಾಗ ಕೊಂಡವರ ಹತ್ತಿರ ಎಷ್ಟು ಚೌಕಾಸಿ ಮಾಡಿದರೂ ಇಬ್ಬರಿಗೂ ಬೇಜಾರೇ ಉಳಿಯುವುದು ಜಾಸ್ತಿ.

ಕೀ ಕೈಗೆ ಬರುವ ದಿನ

ನೋಂದಣಿಗೆ ಒಂದೆರಡು ದಿನ ಮೊದಲು ಖಾಲಿ ಮನೆಯನ್ನು ಮತ್ತೊಮ್ಮೆ ನೋಡಿ. ಸಾಮಾನು ತೆಗೆದ ಮೇಲೆ ಕಾಣುವ ಗೋಡೆಗಳು ಬೇರೆಯೇ ಇರುತ್ತವೆ. ಬಿಟ್ಟು ಹೋಗುತ್ತೇವೆ ಅಂದ ಫ್ಯಾನು, ಗೀಸರು, ಕಪಾಟು ಇವೆಯೇ ಅಂತ ಕರಾರು ಹಿಡಿದು ತಾಳೆ ನೋಡಿ. ಎಲ್ಲ ನಲ್ಲಿ, ಎಲ್ಲ ಸ್ವಿಚ್ಚು ಒಮ್ಮೆ ಒತ್ತಿ. ನೀರು, ವಿದ್ಯುತ್ ಮೀಟರಿನ ಅಂಕಿಯನ್ನು ಮಾರಿದವರ ಎದುರೇ ಫೋಟೋ ತೆಗೆದುಕೊಳ್ಳಿ. ಮುಖ್ಯ ನೀರಿನ ವಾಲ್ವ್ ಎಲ್ಲಿದೆ, ಮೇನ್ ಸ್ವಿಚ್ ಯಾವುದು, ರಿಪೇರಿಗೆ ಅವರು ಕರೆಯುತ್ತಿದ್ದ ಪ್ಲಂಬರ್ ಯಾರು ಅಂತ ಕೇಳಿಕೊಳ್ಳಿ. ಹೊಸ ಬೀಗ ಅದೇ ದಿನ ಹಾಕಿಸಿ.